ಗಂಡು ಸಾಲು, ಹೆಣ್ಣು ಸಾಲು

ಹೂವಿಗೆ ಸಂಬಂಧ ಕುದುರಿಸುವ ನೌಕರಿ ಮಾಡಿದವನು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ದಿನಕ್ಕೊಂದು ತಾನಾಗಿಯೇ ಹೊಲದ ಬದುವಿಗೆ ಬಂದು ನಿಂತಿರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆಲೂರಿನ ಹತ್ತಿರ ಸೂರ್ಯಕಾಂತಿ ತಳಿ ಸಂಶೋಧನೆಯ ತಾಕೊಂದರಲ್ಲಿ ಸಹಾಯಕನಾಗಿದ್ದೆ. ಕಾಯಂ ಇದ್ದವರು ಮೂವರು: ತಳಿ ಕಟ್ಟುವ ಡಾಕ್ಟ್ರು, ಚೀಟಿ ಬರೆಯುವ ನಾನು, ಆಳುಗಳ ಮೇಲೆ ಮೇಸ್ತ್ರಿಯಮ್ಮ. ಆಕೆ ಮೊದಲು ಯಸಳೂರು ಕಡೆ ಎಸ್ಟೇಟ್ ಒಂದರಲ್ಲಿ ಮೇಸ್ತ್ರಿಯಾಗಿದ್ದವರು. ಓದು ಬಾರದು, ಆದರೆ ಗಿಡ ನೋಡುವ ಕಣ್ಣು ನಮ್ಮಿಬ್ಬರಿಗಿಂತ ಚುರುಕು.

ನಮ್ಮ ಮಳೆಗಾಳಿಗೆ ಬೀಳದ ಗಿಡ್ಡ ತಳಿಯೊಂದನ್ನು ಕಟ್ಟಬೇಕೆಂದು ಡಾಕ್ಟ್ರು ಐದು ವರ್ಷದಿಂದ ಬೆವರು ಸುರಿಸುತ್ತಿದ್ದರು. ಆ ವರ್ಷ ಮುಖ್ಯ ಕಚೇರಿಯಿಂದ ಪತ್ರ ಬಂತು. ಈ ಹಂಗಾಮಿನಲ್ಲಿ ಗಿಡ್ಡ ಹೆಣ್ಣು ಸಾಲಿಗೆ ಬೇರೆ ಗಂಡು ಸಾಲಿನ ಪರಾಗ ಕೊಟ್ಟು ಸಂಕರಣ ಮಾಡದಿದ್ದರೆ ತಾಕನ್ನೇ ಮುಚ್ಚುತ್ತೇವೆ, ನೋಡಲು ನಾವೇ ಬರುತ್ತೇವೆ ಎಂದಿತ್ತು. ಡಾಕ್ಟ್ರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಅವತ್ತೂ ಎಲ್ಲರಿಗಿಂತ ಮೊದಲು ಹೊಲಕ್ಕಿಳಿದರು.

ಇನ್ನೂರು ಕುಲಾವಿ

ಹೂ ಅರಳುವ ಮೊದಲೇ ಬಟ್ಟೆ ಚೀಲ ಮುಚ್ಚಬೇಕು. ಇಲ್ಲದಿದ್ದರೆ ಜೇನುಹುಳ ಎಲ್ಲಿಂದಲೋ ಪರಾಗ ತಂದು, ನಾವು ನೋಡದ ಸಂಬಂಧವನ್ನು ಅದೇ ಮುಗಿಸಿಬಿಡುತ್ತದೆ. ಡಾಕ್ಟ್ರು ಆಲೂರಿನ ದರ್ಜಿಯ ಹತ್ತಿರ ಹೋಗಿ, “ಇನ್ನೂರು ತಲೆಗೆ ತೆಳು ಬಟ್ಟೇಲಿ ಟೊಪ್ಪಿ ಥರ ಹೊಲೀರಿ” ಎಂದು ಕೈಯಲ್ಲೇ ಅಳತೆ ತೋರಿಸಿ ಬಂದರು.

ವಾರ ಬಿಟ್ಟು ಹೋದರೆ ಇನ್ನೂರು ಕುಲಾವಿ ರೆಡಿ. ಒಂದೊಂದಕ್ಕೂ ಗಲ್ಲದ ಕೆಳಗೆ ಕಟ್ಟಲು ಎರಡೆರಡು ಲಾಡಿ.

“ಇದೇನ್ರೀ, ಲಾಡಿ ಯಾಕೆ?”

“ತಲೆಗೆ ಅಂದ್ರಲ್ಲ ಸ್ವಾಮಿ. ಲಾಡಿ ಇಲ್ದಿದ್ರೆ ಮಕ್ಳು ಕಿತ್ತು ಬಿಸಾಕ್‌ಬುಡ್ತವೆ.”

ಡಾಕ್ಟ್ರು ಬೈಯಲಿಲ್ಲ. ತಂದು ಹೂವಿಗೆ ಹಾಕಿ ಲಾಡಿಯನ್ನು ಕಾಂಡಕ್ಕೆ ಬಿಗಿದರು. ಹಿಂದಿನ ವರ್ಷ ಗಾಳಿಗೆ ಅರ್ಧ ಚೀಲ ಹಾರಿ ಹೋಗಿದ್ದವು, ಈ ಸಲ ಒಂದೂ ಅಲುಗಲಿಲ್ಲ. ತಪ್ಪನ್ನೂ ಬಳಸಿಕೊಳ್ಳುವ ಆ ಬುದ್ಧಿಗೆ ನಾನು ಅವತ್ತೇ ಶರಣಾದೆ. ದರ್ಜಿ ಮಾತ್ರ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ: “ಪಾಪ, ಡಾಕ್ಟ್ರಿಗೆ ಸಂಸಾರ ದೊಡ್ದು ಕಣ್ರೀ!”

ಬೆಡಗು

ಶುದ್ಧ ತಳಿ ಬೇಕೆಂದರೆ ಒಂದು ಗಿಡದ ಪರಾಗವನ್ನು ಅದೇ ಗಿಡಕ್ಕೆ, ತಲೆಮಾರು ತಲೆಮಾರು ಕೊಡುತ್ತ ಹೋಗಬೇಕು. ಡಾಕ್ಟ್ರು ಇದನ್ನು ವಿವರಿಸಿದಾಗ ಮೇಸ್ತ್ರಿಯಮ್ಮ ಪರಾಗ ಸವರಲು ಹಿಡಿದಿದ್ದ ಕುಂಚ ಕೆಳಗಿಟ್ಟರು.

“ಒಂದೇ ಬೆಡಗಲ್ಲಿ, ಒಂದೇ ವಂಶದೊಳ್ಗೆ ಹೆಣ್ಣು ತರಾದಾ? ನನ್ ಕೈಲಿ ಆ ಪಾಪ ಮಾಡಿಸ್ಬ್ಯಾಡಿ.”

“ಗಿಡಕ್ಕೆ ಬೆಡಗೆಲ್ಲಿ ಬಂತು ಮೇಸ್ತ್ರಿಯಮ್ಮ?”

“ಇಲ್ವಾ? ಮತ್ತೆ ನೋಡಿ, ನಿಮ್ ಶುದ್ಧ ಸಾಲು ಹೆಂಗೆ ಸೊರಗವೆ. ಅದೇ ಆಚೆ ಕಡೆ, ಬೇರೆಯವ್ರ ಮನೆಯಿಂದ ತಂದ ಸಾಲು ಹೆಂಗೆ ದಿಮ್ಮಗೆ ನಿಂತೈತೆ!”

ಡಾಕ್ಟ್ರು ಬದುವಿನ ಮೇಲೆ ಕುಸಿದು ಕೂತು ನಕ್ಕರು. ಒಂದು ಇಡೀ ವರ್ಷ ಕಾಲೇಜಿನಲ್ಲಿ ಕೇಳಿದ ಪಾಠವನ್ನು ಈಕೆ ಎರಡು ಸಾಲಲ್ಲಿ ಮುಗಿಸಿದ್ದರು. ಶುದ್ಧ ಮಾಡುವುದೇ ಆಮೇಲೆ ಬೇರೆ ಬೆಡಗಿಗೆ ಕೊಡಲಿಕ್ಕೆ ಎಂದು ಹೇಳಿದ ಮೇಲೆ ಆಕೆ ಕುಂಚ ಎತ್ತಿಕೊಂಡರು. “ಮೊದ್ಲೇ ಹೇಳಾದಲ್ವಾ. ಸುಮ್ನೆ ಮಾನ ಹೋಯ್ತು ಅಂದ್ಕಂಡೆ.”

ತಲೆ ತಗ್ಗಿಸಿದ ಹೂ

ಹೆಗ್ಗದ್ದೆ ಕಡೆಯ ಎಸ್ಟೇಟ್ ಸಾಹುಕಾರರೊಬ್ಬರು ಜೀಪು ನಿಲ್ಲಿಸಿ ಇಳಿದರು. ಮೊದಲೇ ಬಿತ್ತಿದ್ದ ನಮ್ಮ ಗಿಡ್ಡ ಸಾಲಿನ ಬಲಿತ ಹೂಗಳೆಲ್ಲ ನೆಲ ನೋಡುತ್ತಿದ್ದವು.

“ಏನ್ ಮಾರಾಯ್ರೇ, ಎಲ್ಲ ತಲೆ ತಗ್ಗಿಸ್ಕಂಡು ನಿಂತವೆ. ಏನ್ ತಪ್ಪು ಮಾಡಿದಾವೆ?”

“ತಲೆ ತಗ್ಗಿದ್ರೆ ಮಳೆ ನೀರು ನಿಲ್ಲಲ್ಲ, ಗಿಳಿ ಕೂತು ಕಾಳು ತಿನ್ನೋಕೂ ಆಗಲ್ಲ. ಇದನ್ನ ಕಲಿಸೋಕೆ ಐದು ವರ್ಷ ಬೇಕಾಯ್ತು” ಎಂದರು ಡಾಕ್ಟ್ರು.

ಸಾಹುಕಾರರು ನಿಜವಾಗಿಯೂ ಬೆರಗಾದರು. “ಐದೇ ವರ್ಷಾನಾ? ನಮ್ ಎಸ್ಟೇಟಲ್ಲಿ ಲೆಕ್ಕ ಬರ್ಯೋ ರೈಟರ್‌ನ ಕಳಿಸ್ತೀನಿ, ಅವ್ನಿಗೂ ಒಸಿ ಕಲಿಸ್ಕೊಡಿ.”

ಶುಕ್ರವಾರದ ಅರಿಶಿನ

ಅಷ್ಟರಲ್ಲಿ ನಿಜವಾದ ಕಷ್ಟ ಬಂತು. ಸಂಕರಣಕ್ಕೆಂದು ತಡವಾಗಿ ಬಿತ್ತಿದ್ದ ಗಿಡ್ಡ ಹೆಣ್ಣು ಸಾಲು ಇನ್ನೂ ಮೊಗ್ಗಿನಲ್ಲಿರುವಾಗಲೇ ಗಂಡು ಸಾಲು ಅರಳಿ ಬಾಡತೊಡಗಿತು. ಡಾಕ್ಟ್ರು ಪರಾಗವನ್ನೆಲ್ಲ ಉದುರಿಸಿ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ತುಂಬಿದರು. ತಾವು ಬಾಡಿಗೆಗಿದ್ದ ಮನೆಯ ಯಜಮಾನಿಯ ಫ್ರಿಜ್ಜಿನಲ್ಲಿ ಇಟ್ಟು, ಹೆಣ್ಣು ಅರಳುವುದನ್ನೇ ಕಾಯುತ್ತಿದ್ದರು. ಅದು ಅರಳಿದ್ದು ಶುಕ್ರವಾರ. ಕಚೇರಿಯವರು ಬರುವ ದಿನವೂ ಅದೇ.

ಬೆಳಿಗ್ಗೆ ಡಬ್ಬಿ ತೆಗೆದರೆ ಖಾಲಿ! ಯಜಮಾನಿ ಸಮಾಧಾನವಾಗಿ ಹೇಳಿದರು: “ಅರಿಶಿನ ಅಲ್ವಾ ಅದು? ಹೊಸ್ತಿಲಿಗೆ ಬಳಿದೆ. ಮಿಕ್ಕಿದ್ದು ಹಾಲು ತಂದ ಮುತ್ತೈದೆಗೆ ಕೊಟ್ಟೆ.”

ಹಾಲು ತರುತ್ತಿದ್ದವರು ಮೇಸ್ತ್ರಿಯಮ್ಮನೇ. ಡಾಕ್ಟ್ರು ನನ್ನ ಸೈಕಲ್ ಕಸಿದುಕೊಂಡು ಹೊರಟರು, ನಾನು ಹಿಂದೆ ಓಡಿದೆ. ಹೊಲದಲ್ಲಿ ಮೇಸ್ತ್ರಿಯಮ್ಮ ಎರಡೂ ಕೆನ್ನೆ ಹಳದಿಯಾಗಿ ನಿಂತಿದ್ದರು.

“ಒರೆಸ್ಕೋಬೇಡಿ! ಬೆವರಬೇಡಿ! ಐದು ವರ್ಷದ ಕೆಲಸ ನಿಮ್ಮ ಮುಖದ ಮೇಲಿದೆ!” ಡಾಕ್ಟ್ರಿಗೆ ಅಳು ಬಂದಿತ್ತು.

ಮೇಸ್ತ್ರಿಯಮ್ಮ ಗಾಬರಿಯಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮನೆಗೆಂದು ಕಟ್ಟಿಕೊಂಡಿದ್ದ ಎರಡು ಚಿಟಿಕೆಯನ್ನು ತಟ್ಟೆಗೆ ಸುರಿದರು. ಆಮೇಲೆ ಕುಂಚ ಹಿಡಿದು ತಮ್ಮ ಕೆನ್ನೆಯ ಮೇಲಿನ ಪುಡಿಯನ್ನೂ ತಾವೇ ಮೆಲ್ಲಗೆ ಉದುರಿಸತೊಡಗಿದರು. ಡಾಕ್ಟ್ರು ಮುಂದೆ ಮಂಡಿಯೂರಿ ತಟ್ಟೆ ಹಿಡಿದಿದ್ದರು. ಕಚೇರಿಯ ಜೀಪು ಬಂದು ನಿಂತದ್ದು ಆಗಲೇ.

ಬಂದವರು ಇಳಿದು ಬದುವಿನ ಮೇಲೆ ಸಾಲಾಗಿ ನಿಂತರು. ಎಲ್ಲರೂ ನೋಡುತ್ತಿರುವಂತೆಯೇ ಮೇಸ್ತ್ರಿಯಮ್ಮ ಒಂದೊಂದೇ ಕುಲಾವಿ ಬಿಚ್ಚಿ, ಹೂವಿಗೆ ಪರಾಗ ಸವರಿ, ಮತ್ತೆ ಕಟ್ಟುತ್ತ ಹೋದರು. ನಾನು ಗಂಡು ತಳಿಯ ಹೆಸರು ಬರೆದ ಚೀಟಿಯನ್ನು ಹೂವಿನ ಕೆಳಗೆ ಕಾಂಡಕ್ಕೆ ಕಟ್ಟುತ್ತ ಹಿಂದೆ ನಡೆದೆ. ಕಣ್ಣಿಗೆ ಕಾಣದಷ್ಟು ಪುಡಿಯಲ್ಲಿ ಆಕೆ ಸಾಲನ್ನೇ ಮುಗಿಸಿದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಆ ಸಾಲು ಕಾಳು ಕಟ್ಟಿತು, ತಾಕೂ ಉಳಿಯಿತು. ತಮ್ಮ ಅಂಕಿಅಂಶಗಳೇ ಅದಕ್ಕೆ ಕಾರಣ ಎಂದು ಡಾಕ್ಟ್ರು ನಂಬಿದ್ದಾರೆ. ನಾನು ಹಾಗೆ ನಂಬುವುದಿಲ್ಲ, ಯಾಕೆಂದರೆ ಅವತ್ತು ಕಚೇರಿಯ ಹಿರಿಯರು ಹೊಟ್ಟೆ ಹಿಡಿದು ನಕ್ಕು, ಜೀಪು ಹತ್ತುವ ಮೊದಲೇ “ಮುಂದುವರಿಸಿ” ಎಂದು ಬರೆದದ್ದನ್ನು ಪಕ್ಕದಲ್ಲೇ ನಿಂತು ನೋಡಿದವನು ನಾನು. ಕೆಲಸದವರಿಗೆ ಎಷ್ಟು ತಿಳಿದಿದೆಯೋ ನೋಡೋಣವೆಂದು ಅವರು ಮೇಸ್ತ್ರಿಯಮ್ಮನನ್ನು ಕೇಳಿದ್ದರು: “ಈ ಹೆಣ್ಣು ಸಾಲಿಗೆ ಗಂಡು ಯಾವುದಮ್ಮ? ಹೆಸರು ಹೇಳು.”

ಮೇಸ್ತ್ರಿಯಮ್ಮ ಸೆರಗು ಹೊದ್ದು, ಹೂವಿನ ಪರವಾಗಿ ತಾವೇ ನಾಚಿಕೊಂಡು ಹೇಳಿದರು: “ಗಂಡನ ಹೆಸ್ರು ಹೆಣ್ಣು ಬಾಯ್ಬಿಟ್ಟು ಹೇಳಾಂಗಿಲ್ಲ ಸ್ವಾಮಿ. ಕುತ್ತಿಗೇಲಿ ಚೀಟಿ ಐತೆ, ನೀವೇ ಓದ್ಕಳಿ.”