ಬಾವಿಯೊಳಗಿನ ಗಿಟಾರು

ಎಲ್ಲ ಗೊಂದಲಕ್ಕೂ ಕಾರಣ ಒಂದೇ ಒಂದು ಅಕ್ಷರ.

ಕಪ್ಪು ಅಂಗಿ, ಕಪ್ಪು ಪ್ಯಾಂಟು ತೊಟ್ಟು, ಕಣ್ಣಿನ ಸುತ್ತಲೂ ಕಪ್ಪು ಬಳಿದುಕೊಂಡ ಹಾಡುಗಾರ ಬೆಳಿಗ್ಗೆ ಅಂಗಡಿ ತೆಗೆಯುವಾಗಲೇ ಬಂದ. ಗಿಟಾರಿನ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ, "ಪ್ಲಗ್ ಸುಟ್ಟಿದೆ, ಬದಲಾಯಿಸಿ. ಒಳಗೆ ಗುಂಯ್ ಅನ್ನುತ್ತಲ್ಲ, ಅದನ್ನ ಮಾತ್ರ ತೆಗೀಬೇ..." ಎಂದ. ಕೊನೆಯ ಅಕ್ಷರ ಅವನ ಗಂಟಲಲ್ಲೇ ಉಳಿಯಿತು. ಅವನು ಹೇಳಿದ್ದು 'ತೆಗೀಬೇಡಿ.' ರೇಡಿಯೋ ಮಾಮ ಕೇಳಿಸಿಕೊಂಡಿದ್ದು 'ತೆಗೀಬೇಕು.'

ರೇಡಿಯೋ ಮಾಮ ಆ ಬೀದಿಯಲ್ಲಿ ಮೂವತ್ತು ವರ್ಷದಿಂದ ರೇಡಿಯೋ, ಮೈಕು, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವರು. ಎಲ್ಲಾದರೂ ಸ್ಪೀಕರು ಕರಕರ ಅಂದರೆ ಅವರಿಗೆ ದವಡೆ ಹಲ್ಲು ನೋವು ಶುರುವಾಗುತ್ತಿತ್ತು. ಅದರಲ್ಲೂ ಈ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವವಳು ಅವರ ಅಣ್ಣನ ಮಗಳು. "ನಮ್ಮ ಚಿಕ್ಕಪ್ಪನ ಕೈಗೆ ಕೊಟ್ರೆ ಮುಗೀತು" ಎಂದು ಅವಳೇ ಪೆಟ್ಟಿಗೆ ಕಳಿಸಿದ್ದಳು. ಮಾಮ ಕನ್ನಡಕ ಏರಿಸಿಕೊಂಡು ಕೂತರು. ಪ್ಲಗ್ ಬದಲಾಯಿಸಿದರು, ಸಡಿಲವಾಗಿದ್ದ ಸ್ಪ್ರಿಂಗು ಬಿಗಿದರು, ಗುಂಯ್‌ಗೆ ಕಾರಣವೆನಿಸಿದ ಹಳೇ ಕೆಪಾಸಿಟರು ಎಂಬ ಬಿಡಿಭಾಗಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ, ಹೊಸವನ್ನು ಬೆಸೆದರು. ಹನ್ನೊಂದಕ್ಕೆ ಕಸದ ಲಾರಿ ಬಂದು ಬುಟ್ಟಿ ಖಾಲಿ ಮಾಡಿಕೊಂಡು ಹೋಯಿತು.

ಮಧ್ಯಾಹ್ನ ತಂಡದ ನಾಲ್ವರೂ ಬಂದರು. ಹಾಡುಗಾರ ಗಿಟಾರು ಸಿಕ್ಕಿಸಿ ಒಂದು ತಂತಿ ಮೀಟಿದ.

"ಟಿಂಗ್!"

ತೊಳೆದಿಟ್ಟ ಗಾಜಿನ ಲೋಟದಂಥ ಸದ್ದು. ಮಾಮ ಹೊಗಳಿಕೆಗಾಗಿ ಕಾದರು. ಹಾಡುಗಾರ ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೆ ಕುಸಿದ.

"ಚಿಕ್ಕಪ್ಪಾ, ಏನು ಮಾಡಿಬಿಟ್ರಿ! ನಮ್ಮ ಗುಂಯ್ ಎಲ್ಲಿ?" ಎಂದಳು ಅಣ್ಣನ ಮಗಳು.

"ತೆಗೆದೆ."

"ಅದೇ ನಮ್ಮ ಸದ್ದು! ಬಾವಿಯೊಳಗಿಂದ ಯಾರೋ ಕರೆದ ಹಾಗೆ ಕೇಳ್ತಿತ್ತು. ಸಾಯಂಕಾಲ ಐದಕ್ಕೆ ಸ್ಪರ್ಧೆ. ಆರು ತಂಡ. ಗೆದ್ದೋರಿಗೆ ಆಲ್ಬಂ. ಐದು ವರ್ಷದಿಂದ ಇದಕ್ಕೇ ಕಾಯ್ತಿದ್ದೀವಿ."

ಮಾಮನಿಗೆ ತಲೆ ಗಿರ್ರೆಂದಿತು. ಕೆಟ್ಟಿದ್ದನ್ನು ಸರಿ ಮಾಡುವುದು ಗೊತ್ತು. ಸರಿಯಿದ್ದದ್ದನ್ನು ಕೆಡಿಸುವುದು, ಅದೂ ಮೊದಲು ಕೆಟ್ಟಿದ್ದ ಹಾಗೇ ಕೆಡಿಸುವುದು ಹೇಗೆ? ಡಬ್ಬಿಯಿಂದ ನಾಲ್ಕು ಹಳೇ ಕೆಪಾಸಿಟರು ಹುಡುಕಿ ಬೆಸೆದರು.

ಈಗ ಗಿಟಾರು ನೀರಲ್ಲಿ ನೆನೆಸಿಟ್ಟ ಹಾಗೆ ಅಲೆಅಲೆಯಾಗಿ ನಡುಗಿತು. "ಚೆನ್ನಾಗಿದೆ," ಎಂದ ಹಾಡುಗಾರ, ಕಣ್ಣು ತೆರೆಯದೆ. "ಆದ್ರೆ ಇದು ದಿ ಕ್ಯೂರ್ ತಂಡದವರ ಥರ."

"ಕ್ಯೂರ್ ಅಂದ್ರೆ ಗುಣ ಅಲ್ವೇನಪ್ಪ? ಗುಣ ಮಾಡಿದ್ದೇ ತಪ್ಪು ಅಂತಿದ್ದೀಯಲ್ಲ!"

ಅಷ್ಟರಲ್ಲಿ ಗಲಾಟೆ ಕೇಳಿ ಪಕ್ಕದ ಅಂಗಡಿಯ ಟೈಲರಮ್ಮ ಬಂದಳು, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡು. "ಸದ್ದು ಮಂಕಾಗ್ಬೇಕು ಅಷ್ಟೇ ತಾನೆ?" ಎಂದವಳೇ ಒಂದು ದಪ್ಪ ಪರದೆ ಬಟ್ಟೆ ತಂದು ಪೆಟ್ಟಿಗೆಗೆ ಸುತ್ತಿ ಪಿನ್ನು ಚುಚ್ಚಿದಳು. ಗಿಟಾರು ಹಿಂದೆ ಸರಿದು ನಿಂತಿತು. ಅಣ್ಣನ ಮಗಳ ಬೇಸ್ ಮಾತ್ರ ಮುಂದೆ ಬಂದು ತಾನೇ ರಾಗ ಹಾಡತೊಡಗಿತು.

"ಇದು ಜಾಯ್ ಡಿವಿಜನ್ ತಂಡದ್ದು," ಎಂದಳು ಅವಳೇ, ಬಾರಿಸುವುದನ್ನು ನಿಲ್ಲಿಸಿ. "ಅವರಲ್ಲೇ ಬೇಸು ಹೀಗೆ ಮೇಲಿನ ಸ್ವರದಲ್ಲಿ ಹಾಡೋದು."

"ಜಾಯ್ ಅಂದ್ರೆ ಸಂತೋಷ. ಮತ್ತೆ ಯಾಕಮ್ಮ ಅಳು ಬರೋ ಹಾಗಿದೆ?"

"ಅದು ಹಾಗೇ ಚಿಕ್ಕಪ್ಪ."

ಎದುರು ಮನೆಯ ನಿವೃತ್ತ ಮೇಷ್ಟ್ರು ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈಗ ಗಂಟಲು ಸರಿಮಾಡಿಕೊಂಡು, "ಶಬ್ದಕ್ಕೆ ಬೇಕಾದ್ದು ಅವಕಾಶ, ಅಂದರೆ ಖಾಲಿ ಜಾಗ," ಎಂದು ಪಾಠ ಶುರು ಮಾಡಿದರು. ಅವರ ಅಪ್ಪಣೆಯಂತೆ ತಂಡದವರು ಪೆಟ್ಟಿಗೆಯನ್ನು ಮಹಡಿಗೆ ಹೊತ್ತು, ಖಾಲಿ ನೀರಿನ ಡ್ರಮ್ಮಿನೊಳಗೆ ಇಳಿಸಿದರು. ಯಾರೂ ಇಲ್ಲದ ಮನೆಯಲ್ಲಿ ಯಾರೋ ತಗಡು ಗೀಚಿದಂತೆ ಸದ್ದು ಹೊರಟು, ಮತ್ತೆ ಮತ್ತೆ ಮರುದನಿಸಿತು. ಟೈಲರಮ್ಮ ಎದೆ ಹಿಡಿದುಕೊಂಡಳು.

"ಇದು ಬೌಹೌಸ್ ತಂಡದ್ದು," ಎಂದ ಹಾಡುಗಾರ. ಅವನ ದನಿ ಇನ್ನೂ ಕೆಳಗಿಳಿದಿತ್ತು.

ಮಾಮನಿಗೆ ರೇಗಿತು. "ಯಾರದ್ದಾದ್ರೇನಯ್ಯ? ಎಲ್ಲಾ ದೊಡ್ಡ ದೊಡ್ಡ ತಂಡ ಅಂತೀರಿ. ಒಬ್ಬರದ್ದು ಇಟ್ಕೊಂಡು ಹೋಗಿ!"

"ಅವರ ಸದ್ದು ಅವರಿಗೆ, ಚಿಕ್ಕಪ್ಪ. ಅವರ ಹಾಡಿನ ಮೊದಲ ಎರಡು ಸೆಕೆಂಡು ಕೇಳಿದ್ರೆ ಸಾಕು, ಯಾರು ಅಂತ ಗೊತ್ತಾಗುತ್ತೆ. ನಾವೂ ಹಾಗೆ ಗೊತ್ತಾಗ್ಬೇಕು." ಅವಳ ಕಣ್ಣು ತುಂಬಿತ್ತು. ಚಿಕ್ಕಂದಿನಲ್ಲಿ ಇದೇ ಅಂಗಡಿಯಲ್ಲಿ ಕೂತು ತಂತಿ ಸುತ್ತುತ್ತಿದ್ದ ಹುಡುಗಿ. ಮಾಮ ಮುಖ ತಿರುಗಿಸಿಕೊಂಡು, ಪೆಟ್ಟಿಗೆಯನ್ನು ತಾವೊಬ್ಬರೇ ಎತ್ತಿ ಮೆಟ್ಟಿಲಿಳಿಯತೊಡಗಿದರು.

ಮೂರನೆಯ ಮೆಟ್ಟಿಲಲ್ಲಿ, ಪಿನ್ನು ಬಿಚ್ಚಿ ಪೆಟ್ಟಿಗೆಯಿಂದ ಜೋತಾಡುತ್ತಿದ್ದ ಟೈಲರಮ್ಮನ ಪರದೆ ಕಾಲಿಗೆ ತೊಡರಿತು. ಮಾಮ ಕೂತೇ ಬಿಟ್ಟರು. ಪೆಟ್ಟಿಗೆ ಒಂಬತ್ತು ಮೆಟ್ಟಿಲು ಉರುಳಿ, ಗೋಡೆಗೆ ಡಿಕ್ಕಿ ಹೊಡೆದು ನಿಂತಿತು; ಮಾಮ ಬಿಗಿದಿದ್ದ ಸ್ಪ್ರಿಂಗು ಒಳಗೆ ಸಡಿಲವಾಗಿ ಝಣ್ ಎಂದಿತು. ಹೆಣದ ಮುಂದೆ ನಿಂತವರಂತೆ ಎಲ್ಲರೂ ಅದರ ಸುತ್ತ ನಿಂತರು. ಹಾಡುಗಾರ ವಯರು ಸಿಕ್ಕಿಸಿ ತಂತಿ ಮುಟ್ಟಿದ.

"ಗುಂಯ್ಯ್ಯ್..."

ಅವನ ಕಣ್ಣೀರಿಗೆ ಕಣ್ಣಿನ ಕಪ್ಪು ಗಲ್ಲದವರೆಗೆ ಇಳಿಯಿತು. "ಮಾಮ, ನೀವು ಕಲಾವಿದರು," ಎಂದ. ಅಂದು ಅವನು ದನಿಯೆತ್ತಿ ಆಡಿದ ಮಾತು ಅದೊಂದೇ.

ಐದು ಗಂಟೆಗೆ ಸಭಾಂಗಣ ತುಂಬಿತ್ತು. ಮಾಮನನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದರು. ಪಕ್ಕದಲ್ಲಿ ಟೈಲರಮ್ಮ, ಮೇಷ್ಟ್ರು. ವೇದಿಕೆಯ ಮೇಲೆ ಹೊಗೆ, ನೀಲಿ ಬೆಳಕು. ಗಿಟಾರು ಶುರುವಾಯಿತು. ಬಾವಿಯೇನು, ಪಾತಾಳದಿಂದಲೇ ಯಾರೋ ನರಳಿದಂತಿತ್ತು. ಗುಂಯ್ ಎನ್ನುವುದರ ಒಳಗೆ ಇನ್ನೊಂದು ಗುಂಯ್. ಜನ ಎದ್ದು ನಿಂತರು. ಆರೂ ತಂಡದ್ದು ಮುಗಿದ ಮೇಲೆ ತೀರ್ಪುಗಾರ ಹೆಂಗಸು ಮೈಕು ಹಿಡಿದು, "ಗೆದ್ದದ್ದು ನೀವೇ. ಇಂಥ ಸದ್ದು ನಾನು ಎಲ್ಲೂ ಕೇಳಿಲ್ಲ. ನಾಳೆ ಹನ್ನೊಂದಕ್ಕೆ ರೆಕಾರ್ಡಿಂಗಿಗೆ ಬನ್ನಿ. ಇದೇ ಸದ್ದು ಇರಲಿ," ಎಂದಳು. ಕೆಡಿಸಿದ ಕೆಲಸಕ್ಕೆ ಚಪ್ಪಾಳೆ ಬಿದ್ದದ್ದು ಮಾಮನ ಜೀವನದಲ್ಲಿ ಇದೇ ಮೊದಲು. ನಗಬೇಕೋ ನಾಚಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ಆಂಪ್ಲಿಫೈಯರ್ ಎತ್ತಿಕೊಂಡು ಬರಲು ಮಾಮ ವೇದಿಕೆಯ ಪರದೆಯ ಹಿಂದೆ ಹೋದರೆ, ಅದು ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಒಂದು ವಯರೂ ಇರಲಿಲ್ಲ.

"ಓ, ಅದಾ?" ಎಂದ ಸಭಾಂಗಣದ ಮೇಲ್ವಿಚಾರಕ. "ಹಚ್ಚಿದ ಕೂಡಲೇ ಹೊಗೆ ಬಂತು ಸ್ವಾಮಿ. ನಾನೇ ಅದನ್ನ ತೆಗೆದು, ಗಿಟಾರನ್ನ ನಮ್ಮ ಸ್ಪೀಕರಿಗೇ ಸಿಕ್ಕಿಸಿದೆ. ಅವರಿಗೆ ಹೇಳೋಕೂ ಪುರುಸೊತ್ತಾಗ್ಲಿಲ್ಲ. ನೀವು ರಿಪೇರಿಯವರಂತಲ್ಲ, ನಮ್ಮದನ್ನೂ ಸ್ವಲ್ಪ ನೋಡಿ. ತಿಂಗಳಿಂದ ಏನೋ ನರಳ್ತಿದೆ. ನಾಳೆ ಹತ್ತಕ್ಕೆ ಶಾಲೆಯವರ ಭಾಷಣ ಸ್ಪರ್ಧೆ ಇದೆ."

ಅಷ್ಟರಲ್ಲಿ ಹಾಡುಗಾರನ ಜೊತೆ ಹಿಂದೆಯೇ ಬರುತ್ತಿದ್ದ ಅಣ್ಣನ ಮಗಳು ಓಡಿಬಂದು ಅಡ್ಡ ನಿಂತಳು. "ಚಿಕ್ಕಪ್ಪ, ಅದನ್ನ ಮುಟ್ಟಬೇಡಿ! ಬರೀ ನೋಡಿ. ನೋಡ್ಕೊಂಡು ನಮ್ಮದನ್ನ ಹಾಗೇ ಮಾಡ್ಕೊಡಿ."

ಮಾಮ ಸ್ಕ್ರೂ ಬಿಚ್ಚಿ ಸ್ಪೀಕರಿನ ಹಿಂದಿನ ಹಲಗೆ ತೆಗೆದರು. ಟಾರ್ಚ್ ಹಾಕಿದರು.

ಒಳಗೆ ಕಡ್ಡಿ, ಹತ್ತಿ, ವಯರಿನ ತುಂಡುಗಳ ಗೂಡು. ಗೂಡಿನಲ್ಲೊಂದು ಪಾರಿವಾಳ. ಅಷ್ಟು ಗಲಾಟೆಗೂ ಜಗ್ಗದೆ, ಎರಡು ಮೊಟ್ಟೆಗಳ ಮೇಲೆ ಕೂತು, ಬೆಳಕು ಬಿದ್ದದ್ದಕ್ಕೆ ಬೇಸರಪಟ್ಟು, ಅದು ಕುತ್ತಿಗೆ ಉಬ್ಬಿಸಿ ನರಳಿತು.

"ಗುಂಯ್ಯ್ಯ್..."

ಮೇಲ್ವಿಚಾರಕ, "ತೆಗೆದು ಹಾಕಿ" ಎಂದ. ಅಣ್ಣನ ಮಗಳು, "ಮುಟ್ಟಬೇಡಿ" ಎಂದಳು. ಹಾಡುಗಾರ ಗೂಡಿನ ಮುಂದೆ ಭಕ್ತಿಯಿಂದ ಮಂಡಿಯೂರಿ, ಪಿಸುದನಿಯಲ್ಲಿ ಹೇಳಿದ:

"ಮಾಮ, ನಾಳೆ ಹನ್ನೊಂದಕ್ಕೆ ಇವರು ಬರ್ತಾರಾ, ಸ್ವಲ್ಪ ಕೇಳಿ."

ಏನು ಕೇಳಬೇಕು, ಯಾರನ್ನು ಕೇಳಬೇಕು ಎಂದು ತೋಚದೆ ರೇಡಿಯೋ ಮಾಮ ಮೆಲ್ಲಗೆ ಕೈ ಚಾಚಿದರು. ಪಾರಿವಾಳ ಅವರ ಹೆಬ್ಬೆರಳನ್ನು ಕುಕ್ಕಿತು.