ನಾವೇ ಕೊಡದ ಅನುಭವ ಪತ್ರ

ಕೋಪ ಎಲ್ಲರಿಗೂ ಬರುತ್ತದೆ. ಅದನ್ನು ತೋರಿಸಬೇಕಾದ ಜಾಗದಲ್ಲಿ ತೋರಿಸುವ ಧೈರ್ಯ ಕೆಲವರಿಗಷ್ಟೇ ಇರುತ್ತದೆ. ನನಗಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ಕಾಫಿ ಸ್ವಲ್ಪ ಆರಿದ್ದರೂ ಕೂಗಾಡುವ ನಾನು, ವಿಶ್ವವಿದ್ಯಾಲಯದ ಸಿಬ್ಬಂದಿ ಶಾಖೆಯ ಕುರ್ಚಿಯಲ್ಲಿ ಕೂತ ಕೂಡಲೇ 'ಪರಿಶೀಲಿಸೋಣ' ಎಂಬ ಒಂದೇ ಮಾತಿನ ಮನುಷ್ಯನಾಗಿಬಿಡುತ್ತೇನೆ. ಅಧ್ಯಾಪಕರ ನೇಮಕಾತಿಯ ಕಡತಗಳೆಲ್ಲ ನನ್ನ ಮೇಜು ದಾಟಿಯೇ ಹೋಗಬೇಕು. ದಾಟುತ್ತವೆ ಎಂದು ನಾನು ಹೇಳಲಿಲ್ಲ.

ಮೊನ್ನೆ ಮಾತ್ರ ತಡೆಯಲಾಗಲಿಲ್ಲ. ಸುನಂದಾ ಮೇಡಂ ನಮ್ಮಲ್ಲಿ ಹನ್ನೆರಡು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿರುವ ಅತಿಥಿ ಉಪನ್ಯಾಸಕಿ. ಹನ್ನೆರಡು ವರ್ಷ ಇದ್ದವರನ್ನೂ ಅತಿಥಿ ಎನ್ನುವುದು ನಮ್ಮ ಕಚೇರಿಯಲ್ಲಿ ಮಾತ್ರ. ನನ್ನ ಭಾವಮೈದ ಮನೆಗೆ ಅತಿಥಿಯಾಗಿ ಬಂದು ಐದನೆಯ ದಿನಕ್ಕೇ ನಾವು ಅವನನ್ನು ತರಕಾರಿ ತರಲು ಕಳಿಸಿದ್ದೆವು. ಅಂತೂ ಖಾಯಂ ಹುದ್ದೆಗೆ ಅರ್ಜಿ ಕರೆದರು. ಮೇಡಂ ಅರ್ಜಿ ತಿರಸ್ಕೃತವಾಯಿತು. ಕಾರಣ: ಅನುಭವ ಪತ್ರ ಇಲ್ಲ. ಸಂದರ್ಶನ ಮರುದಿನವೇ.

ಶಂಕರಪುರಂನಿಂದ ನಡೆದೇ ಬಂದು ನನ್ನ ಮುಂದೆ ನಿಂತರು. "ಸಾರ್, ಆ ಪತ್ರ ಕೊಡಬೇಕಾದೋರು ನೀವೇ. ಮೂರು ತಿಂಗಳಿಂದ ಕೇಳ್ತಿದೀನಿ. ನೀವೇ ಕೊಡಲ್ಲ, ಆಮೇಲೆ ಇಲ್ಲ ಅಂತ ನೀವೇ ತೆಗೆದುಹಾಕ್ತೀರಿ. ಹಾಗಾದ್ರೆ ನಾನಿಲ್ಲಿ ಪಾಠ ಮಾಡಿದ್ದೇ ಸುಳ್ಳಾ?"

ಅಳಲಿಲ್ಲ, ಕೂಗಲಿಲ್ಲ. ಅತ್ತಿದ್ದರೆ 'ಪರಿಶೀಲಿಸೋಣ' ಎಂದುಬಿಡುತ್ತಿದ್ದೆನೋ ಏನೋ. ನನಗೆ ಪಿತ್ತ ನೆತ್ತಿಗೇರಿತು. ಅವರಿಗೆ ಕೂರಲು ಹೇಳಿ, ಕಡತ ಹಿಡಿದು ಉಪಕುಲಸಚಿವರ ಕೋಣೆಗೆ ನುಗ್ಗಿದೆ. ಬಾಗಿಲು ಕೂಡ ತಟ್ಟಲಿಲ್ಲ.

"ಅತಿಥಿಗಳಿಗೆ ಅನುಭವ ಪತ್ರ ಕೊಡೋ ಹಾಗಿಲ್ಲ ಕಣ್ರೀ, ನಿಯಮ ಇದೆ" ಎಂದರು.

"ಯಾವ ಮಹಾನುಭಾವ ಸಾರ್ ಅದನ್ನ ಬರೆದೋನು? ಅವನಿಗೆ ಮನುಷ್ಯತ್ವ ಇತ್ತಾ? ಅವನ ಮನೆ ಹೆಣ್ಣುಮಕ್ಕಳಿಗೆ ಹೀಗೆ ಮಾಡಿದ್ರೆ ಸುಮ್ಮನಿರ್ತಿದ್ನಾ?" ನನ್ನ ದನಿ ಕಾರಿಡಾರಿಗೆ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಕೂಗಿದೆ.

ಅವರು ಬೀರುವಿನಿಂದ ಹಳೆಯ ಕಡತ ತೆಗೆದು, ಆ ನಿಯಮಕ್ಕೆ ಮೂಲವಾದ ಹಾಳೆ ತೆರೆದು ನನ್ನತ್ತ ತಿರುಗಿಸಿದರು. 'ಪತ್ರ ನೀಡಿದಲ್ಲಿ ಮುಂದೆ ಖಾಯಂ ಮಾಡಲು ಕೋರುವ ಸಾಧ್ಯತೆ ಇರುವುದರಿಂದ, ನೀಡದಿರುವುದು ಸೂಕ್ತ.' ದುಂಡನೆಯ ಅಕ್ಷರ. ಕೆಳಗೆ ಸಹಿ. ಎರಡೂ ನನ್ನವೇ. ಅಂಚಿನಲ್ಲಿ ಆಗಿನ ಅಧಿಕಾರಿ 'ಉತ್ತಮ ಟಿಪ್ಪಣಿ' ಎಂದು ಬರೆದಿದ್ದರು. ಆ ಸಂಜೆ ಮನೆಗೆ ಮೈಸೂರು ಪಾಕ್ ಕೊಂಡುಹೋದದ್ದೂ ನೆನಪಾಯಿತು.

ಅಲ್ಲೇ ಕೂತು, ನನ್ನನ್ನು ನಾನೇ ಖಂಡಿಸಿ ಹೊಸ ಟಿಪ್ಪಣಿ ಬರೆದೆ. ಸಾಹೇಬರು ನಗು ತಡೆದುಕೊಂಡು ಟಿಪ್ಪಣಿಗೂ ಪತ್ರಕ್ಕೂ ಸಹಿ ಮಾಡಿದರು. ಸಂದರ್ಶನದ ಪಟ್ಟಿಗೆ ಮೇಡಂ ಹೆಸರು ಸೇರಿತು.

ಪತ್ರವನ್ನು ಮೇಡಂ ಎರಡೆರಡು ಸಲ ಓದಿದರು. "ನೀವು ಕೂಗಾಡಿದ್ದು ಇಲ್ಲಿಗೂ ಕೇಳಿಸ್ತು. ತುಂಬಾ ಉಪಕಾರ ಆಯ್ತು ಸಾರ್. ಆ ನಿಯಮ ಬರೆದೋರು ಯಾರು ಅಂತ ಗೊತ್ತಾಯ್ತಾ?"

"ಯಾರೋ ಹಿಂದಿದ್ದೋರಮ್ಮ. ರಿಟೈರ್ ಆಗಿ ಹೋದ್ರು" ಎಂದೆ.

"ಸಿಕ್ಕಿದ್ರೆ ಚೆನ್ನಾಗಿ ಕೇಳ್ಬಿಡ್ತಿದ್ದೆ."

"ಕೇಳಲೇಬೇಕು ಮೇಡಂ, ಅಂಥೋರನ್ನ ಸುಮ್ನೆ ಬಿಡಬಾರದು" ಎಂದು, ಮೇಜು ಗುದ್ದಿಯೇ ಹೇಳಿದೆ.