ಕಂಪ್ಯೂಟರ್ ಎಬ್ಬಿಸುವ ಹುದ್ದೆ

ಯಾರಾದರೂ ತೂಕಡಿಸಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದರಿಂದಾಗಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಮೊನ್ನೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಊಟವಾದ ಮೇಲೆ ಯಜಮಾನರು ಟಿವಿ ಮುಂದೆ ಕುಳಿತು ಕಣ್ಣು ಮುಚ್ಚಿದರು. ನಾನು ಹೋಗಿ ಅವರ ಕೈ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಎಳೆದೆ. ಅವರು ಕಣ್ಣು ತೆರೆಯದೆಯೇ, "ನಾನು ಮಲಗಿಲ್ಲ ಮಾರಾಯ್ತಿ, ಸ್ಕ್ರೀನ್ ಮಾತ್ರ ಆಫ್ ಆಗಿದೆ" ಎಂದರು.

ಇದು ಹೊಸನಗರದ ಸಹಕಾರಿ ಸೊಸೈಟಿಯಲ್ಲಿ ನನಗೆ ಅಂಟಿದ ಚಾಳಿ. ಹತ್ತು ವರ್ಷದ ಹಿಂದೆ ಅಲ್ಲಿ ನಾನು ಗುಮಾಸ್ತೆ. ಈಗ ವರ್ಗವಾಗಿ ಬಂದ ಆಫೀಸಿನಲ್ಲಿ ಕಂಪ್ಯೂಟರುಗಳು ಮಲಗಿ ಎದ್ದರೂ ಏನೂ ಆಗದಂತೆ ಕೆಲಸ ಮುಂದುವರಿಸುತ್ತವೆ. ಅನುಕೂಲವೇನೋ ಹೌದು, ಆದರೆ ಒಂದು ದಿನವೂ ನಗು ಬರುವುದಿಲ್ಲ.

೧. ಸ್ಟೂಲಿನ ಮೇಲಿನ ಕೆಲಸ

ಹೊಸನಗರದ ಶಾಖೆಗೆ ಇದ್ದದ್ದು ಒಂದೇ ಕಂಪ್ಯೂಟರ್. ಅದರಿಂದ ಸಾಗರದ ಹೆಡ್ ಆಫೀಸಿಗೆ ಒಂದು ಲೈನು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಕಂಪ್ಯೂಟರಿಗೆ ನಿದ್ದೆ. ಅದು ಮಲಗಿತೆಂದರೆ ಲೈನೂ ಕಟ್. ಮೌಸ್ ಅಲ್ಲಾಡಿಸಿದರೆ ಕಂಪ್ಯೂಟರ್ ಏಳುತ್ತಿತ್ತು, ಲೈನು ಏಳುತ್ತಿರಲಿಲ್ಲ. ಸಾಗರಕ್ಕೆ ಫೋನು ಮಾಡಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡುವಷ್ಟರಲ್ಲಿ, ಕೌಂಟರಿನ ಮುಂದೆ ನಿಂತವರು ಹೋಟೆಲಿಗೆ ಹೋಗಿ ಬನ್ಸ್ ತಿಂದು ಬಂದಿರುತ್ತಿದ್ದರು.

ಆ ಲೈನು ಬಂದದ್ದರಿಂದ ತೊಂದರೆಗೆ ಸಿಕ್ಕಿಕೊಂಡವರು ನಮ್ಮ ಅಟೆಂಡರಣ್ಣ. ಅದಕ್ಕೆ ಮೊದಲು ದಿನವೂ ಕಾಗದದ ಕಟ್ಟು ಹಿಡಿದು ಸಾಗರದ ಬಸ್ಸು ಹತ್ತುತ್ತಿದ್ದವರು ಅವರು. ಲೈನು ಬಂತು, ಕಾಗದ ಹೊರುವ ಕೆಲಸ ಹೋಯಿತು. "ಅವರಿಗೆ ಇನ್ನು ಅಲ್ಲೇನು ಕೆಲಸ? ಸಾಗರದ ಗೋದಾಮಿಗೆ ಕಳಿಸಿ" ಎಂದು ಹೆಡ್ ಆಫೀಸಿನ ಕಾರ್ಯದರ್ಶಿಗಳು ಫೋನು ಮಾಡಿದರು. ಗೋದಾಮೆಂದರೆ ಗೊಬ್ಬರದ ಚೀಲ ಎತ್ತಬೇಕು. ಅಟೆಂಡರಣ್ಣನಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ, ಎರಡೂ ಮಂಡಿ ಆಗಲೇ ನಿವೃತ್ತಿಯಾಗಿದ್ದವು. ಗೋದಾಮಿಗೆ ಹೋದರೆ ಒಂದು ವಾರದಲ್ಲಿ ಕೆಲಸ ಬಿಟ್ಟು ಮನೆ ಸೇರುವುದು ಗ್ಯಾರಂಟಿಯಾಗಿತ್ತು.

ನಮ್ಮ ಮ್ಯಾನೇಜರು ನೆಪ ಹುಡುಕಿ, "ಅವರು ಬಂದ್ರೆ ಇಲ್ಲಿ ಕಂಪ್ಯೂಟರ್ ಎಬ್ಬಿಸೋರು ಯಾರು ಸಾರ್?" ಎಂದರು. ಕಾರ್ಯದರ್ಶಿಗಳಿಗೂ ಲೈನು ಕಟ್ಟಾಗುವ ಕಾಟ ಗೊತ್ತಿತ್ತು. "ಸರಿ, ಅದಕ್ಕೆ ಈ ನಿದ್ದೆ ರೋಗ ಇರೋವರೆಗೆ ಅವರು ಅಲ್ಲೇ ಇರಲಿ" ಎಂದುಬಿಟ್ಟರು.

ಅಂದಿನಿಂದ ಅಟೆಂಡರಣ್ಣ ಕಂಪ್ಯೂಟರಿನ ಪಕ್ಕ ಸ್ಟೂಲ್ ಹಾಕಿ ಕುಳಿತರು. ಎಡಗೈಯಲ್ಲಿ ಎಲೆ ಅಡಿಕೆ, ಬಲಗೈಯಲ್ಲಿ ಮೌಸ್. ಮೊದಲ ದಿನ ಸಂಜೆ, "ಹೇಗಿತ್ತು ಹೊಸ ಕೆಲಸ?" ಎಂದು ಕೇಳಿದೆ.

"ಎಂತ ಹೇಳೋದು ಮೇಡಂ. ಮನೇಲಿ ಮೊಮ್ಮಗೂನ ಮಲಗ್ಸಕ್ಕೆ ಒದ್ದಾಡ್ತೀನಿ, ಇಲ್ಲಿ ಇದು ಮಲಗ್ದಂಗೆ ಮಾಡಕ್ಕೆ ಒದ್ದಾಡ್ತೀನಿ. ಸಂಬ್ಳ ಮಾತ್ರ ಇದಕ್ಕೇ ಕೊಡ್ತಾರೆ."

೨. ಫ್ಯಾನು ಮತ್ತು ಕಾಯಿ

ಒಮ್ಮೆ ಅಟೆಂಡರಣ್ಣ ಇನ್ನೊಂದು ಮೊಮ್ಮಗುವಿನ ನಾಮಕರಣಕ್ಕೆಂದು ರಜೆ ಹಾಕಿ ಆನಂದಪುರಕ್ಕೆ ಹೋದರು. ಮೌಸ್ ಹಿಡಿಯಲು ಜನವಿಲ್ಲ. ತೀರ್ಥಹಳ್ಳಿ ಶಾಖೆಯ ಗೆಳತಿಗೆ ಫೋನು ಮಾಡಿದರೆ, "ಅಯ್ಯೋ, ಮೌಸಿಗೊಂದು ದಾರ ಕಟ್ಟಿ ತಿರುಗೋ ಟೇಬಲ್ ಫ್ಯಾನಿಗೆ ಬಿಗೀರಿ. ನಾವು ಹಾಗೇ ಮಾಡೋದು" ಎಂದಳು.

ಮಾಡಿದೆವು. ಫ್ಯಾನು ಬಲಕ್ಕೆ ತಿರುಗಿದರೆ ಮೌಸೂ ಬಲಕ್ಕೆ, ಎಡಕ್ಕೆ ತಿರುಗಿದರೆ ಎಡಕ್ಕೆ. ಕಂಪ್ಯೂಟರ್ ರೆಪ್ಪೆ ಮುಚ್ಚಲಿಲ್ಲ. ನಾನು ಹಿಗ್ಗಿದೆ, ಮ್ಯಾನೇಜರು ಬೆವರಿದರು. "ಸಾಗರದಲ್ಲಿ ಯಾರಿಗೂ ಹೇಳ್ಬೇಡಿ. ಅಟೆಂಡರಣ್ಣನ ಜಾಗಕ್ಕೆ ಫ್ಯಾನನ್ನೇ ನೇಮಕ ಮಾಡ್ತಾರೆ" ಎಂದರು.

ಅಷ್ಟರಲ್ಲಿ ನಮ್ಮ ಹಳೆಯ ಸದಸ್ಯೆ, ತೋಟದ ಮನೆಯ ಅಜ್ಜಿಯೊಬ್ಬರು ಬಂದು ಕೌಂಟರಿನಿಂದ ಇಣುಕಿದರು. ಅವರಿಗೆ ಕಂಡದ್ದು ಸ್ಕ್ರೀನು ಮಾತ್ರ. ಅದರ ಮೇಲೆ ಬಾಣ ತನ್ನಷ್ಟಕ್ಕೆ ಓಡಾಡುತ್ತಿತ್ತು.

"ಕೂಸೇ, ಯಾರೂ ಮುಟ್ಟಿದ್ದಿಲ್ಲೆ, ಅದು ಎಂತಕ್ಕೆ ಓಡಾಡ್ತು? ಇದಕ್ಕೆ ಎಂತೋ ಹೊಕ್ಕಿದ್ದು. ನಾಳೆ ದೇವರ ಮುಂದೆ ಇಟ್ಟು ಕಾಯಿ ತಗಂಡು ಬತ್ತಿ."

ಫ್ಯಾನು ತೋರಿಸಿ ಹೇಳಲು ಹೋದೆ, ಅವರು ಕೇಳಿಸಿಕೊಳ್ಳಲಿಲ್ಲ. ಮರುದಿನ ತೆಂಗಿನಕಾಯಿ ಬಂತು. ಹಿರಿಯರ ಮನಸ್ಸು ನೋಯಿಸಬಾರದೆಂದು ಮ್ಯಾನೇಜರು ಕಣ್ಣಿಗೊತ್ತಿಕೊಂಡು, ಬೇರೆಲ್ಲೂ ಜಾಗವಿಲ್ಲದೆ ಅದನ್ನು ಕೀಬೋರ್ಡಿನ ಮೇಲೆಯೇ ಇಟ್ಟರು. ಕಾಯಿಯ ಭಾರಕ್ಕೆ ಒಂದು ಕೀ ಒತ್ತಿಕೊಂಡೇ ಇತ್ತು. ಫ್ಯಾನು ಬಿಚ್ಚಿದರೂ ಕಂಪ್ಯೂಟರ್ ಮಲಗಲಿಲ್ಲ. ಅಜ್ಜಿ, "ನೋಡಿದ್ಯಾ?" ಎಂದು ನನ್ನತ್ತ ಹುಬ್ಬು ಹಾರಿಸಿ ಹೋದರು.

ರಜೆ ಮುಗಿಸಿ ಬಂದ ಅಟೆಂಡರಣ್ಣ ಬಾಗಿಲಲ್ಲೇ ನಿಂತರು. ಸ್ಟೂಲು ಮೂಲೆಗೆ ಸರಿದಿತ್ತು, ಕೀಬೋರ್ಡಿನ ಮೇಲೆ ಕಾಯಿ ವಿರಾಜಮಾನವಾಗಿತ್ತು. "ನನ್ ಜಾಗಕ್ಕೆ ಇದನ್ನ ಹಾಕ್ಕಂಡ್ರಾ?" ಎಂದರು. ಅವರ ಮುಖ ನೋಡಿ ನನಗೆ ನಗಲೂ ಆಗಲಿಲ್ಲ. ಅವರು ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು, ಸ್ಟೂಲನ್ನು ಮತ್ತೆ ಎಳೆದುಕೊಂಡು ಕುಳಿತರು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರ ಮುಂದೆ ಒಂದು ಡಬ್ಬಿ ಇಟ್ಟರು. "ಪ್ರಸಾದದ ಕಾಯಿ, ಹಾಳು ಮಾಡ್ಬಾರ್ದು. ಚಟ್ನಿ ಮಾಡ್ಸಿದೀನಿ, ತಿನ್ನಿ." ಪ್ರತಿಸ್ಪರ್ಧಿಯನ್ನು ಅಷ್ಟು ರುಚಿಯಾಗಿ ಮುಗಿಸಿದವರನ್ನು ನಾನು ಬೇರೆ ಕಂಡಿಲ್ಲ.

೩. ರಿಪೇರಿಗೆ ಬಂದವರು

ಒಂದು ದಿನ ನಾವು ಹೆದರಿದ್ದೇ ಆಯಿತು. ಈ ನಿದ್ದೆಯ ರೋಗ ವಾಸಿ ಮಾಡಲು ಸಾಗರದಿಂದ ಕಂಪ್ಯೂಟರ್ ಎಂಜಿನಿಯರ್ ಬಂದರು. ನಕ್ಕರೆ ಹಲ್ಲು ಉದುರುತ್ತದೇನೋ ಎನ್ನುವಂಥ ಮನುಷ್ಯ.

ಮ್ಯಾನೇಜರು ಅವರನ್ನು ಕಂಪ್ಯೂಟರಿನ ಹತ್ತಿರ ಬಿಡಲೇ ಇಲ್ಲ. "ಮೊದ್ಲು ಕಾಫಿ ಕುಡೀರಿ" ಎಂದರು. ಆಮೇಲೆ ದೋಸೆ ತರಿಸಿದರು. ಮತ್ತೆ ಕಾಫಿ. ನಾನು ಅವರ ಹೆಂಡತಿ ಮಕ್ಕಳ ಕುಶಲ, ಅತ್ತೆ ಮನೆಯವರ ಕುಶಲ ಎಲ್ಲ ವಿಚಾರಿಸಿದೆ. ಕೊನೆಗೆ ಅವರು, "ನಾನು ನೆಂಟ್ರ ಮನೆಗೆ ಬಂದಿಲ್ಲ ಮೇಡಂ" ಎಂದು ಎದ್ದರು.

ಅಟೆಂಡರಣ್ಣ ಮೂರನೇ ಕಾಫಿ ತಂದು ಪಕ್ಕದಲ್ಲಿಟ್ಟರು. ಕಣ್ಣು ಸ್ಕ್ರೀನಿನ ಮೇಲೇ ಇದ್ದು ಅರ್ಧ ಕಾಫಿ ಸಾಸರಿಗೆ ಚೆಲ್ಲಿತು. ಎಂಜಿನಿಯರ್ ಒಮ್ಮೆ ಅವರ ಮುಖ ನೋಡಿದರು, ಒಮ್ಮೆ ಸ್ಟೂಲು ನೋಡಿದರು. "ಇವರೇನಾ ಇದನ್ನ ಎಬ್ಬಿಸೋರು?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಕಂಪ್ಯೂಟರಿನ ಮುಂದೆ ಕುಳಿತರು. ಏನೇನೋ ಒತ್ತಿ, ಸ್ವಲ್ಪ ಹೊತ್ತಿಗೆ, "ಆಯ್ತು" ಎಂದು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟರು.

ಅಟೆಂಡರಣ್ಣ ತೊಳೆದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದರು. ಅಷ್ಟರಲ್ಲಿ ನೋಡುತ್ತೇವೆ, ಸ್ಕ್ರೀನು ಕಪ್ಪಾಗಿದೆ! ಮ್ಯಾನೇಜರು ಸಂತೋಷವನ್ನು ನುಂಗಿಕೊಂಡು, ಸಿಟ್ಟಿನ ದನಿ ಮಾಡಿ ಎಂಜಿನಿಯರಿಗೆ ಫೋನು ಹಚ್ಚಿದರು. "ಏನ್ರೀ ಇದು, ರಿಪೇರಿ ಮಾಡ್ದೆ ಅಂದ್ರಿ, ಮತ್ತೆ ಮಲಗಿದೆಯಲ್ರೀ?"

"ಲೈನು ರಿಪೇರಿ ಮಾಡಿದೀನಿ ಸಾರ್. ಇನ್ಮೇಲೆ ಕಂಪ್ಯೂಟರ್ ಎದ್ದ ತಕ್ಷಣ ಲೈನು ತಾನಾಗೇ ಬರ್ತದೆ, ನಿಮ್ಮ ಕೆಲಸ ನಿಲ್ಲಲ್ಲ" ಎಂದರು ಎಂಜಿನಿಯರ್. "ನಿದ್ದೆನ ಮಾತ್ರ ಹತ್ತು ನಿಮಿಷದಿಂದ ಐದಕ್ಕೆ ಇಳಿಸಿದೀನಿ. ಕಾಫಿ ಚೆಲ್ಲಿದ್ರಲ್ಲ, ಅವರಿಗೆ ಹೇಳಿ, ಕೆಲಸ ಡಬಲ್ ಆಗಿದೆ ಅಂತ."

೪. ಪೇಟ, ಶಾಲು, ಹಾರ

ಹೀಗೆ ಆ ಎರಡು ವರ್ಷ ದಾಟಿತು. ಅಟೆಂಡರಣ್ಣ ಗೋದಾಮಿನ ಮೆಟ್ಟಿಲು ಹತ್ತದೆ, ಅದೇ ಸ್ಟೂಲಿನಿಂದ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಕುರ್ಚಿಯಲ್ಲಿ ಕೂರಿಸಿದೆವು. ಮೂಲೆಯಲ್ಲಿ ಸ್ಟೂಲು ಖಾಲಿ ಇತ್ತು.

ಸೊಸೈಟಿಯ ಅಧ್ಯಕ್ಷರಿಗೆ ಬರಲು ಪುರುಸೊತ್ತಿರಲಿಲ್ಲ. ಸಾಗರದ ಆಫೀಸಿನಲ್ಲೇ ಕುಳಿತು ನಮ್ಮ ಕಂಪ್ಯೂಟರಿನ ಸ್ಕ್ರೀನಿನಲ್ಲಿ ಕಾಣಿಸಿಕೊಂಡರು. ಎಲ್ಲರೂ ಕೈಕಟ್ಟಿ ಭಾಷಣ ಕೇಳುತ್ತಿದ್ದೆವು. ಸೇವೆ, ನಿಷ್ಠೆ, ಪ್ರಾಮಾಣಿಕತೆ ಎಲ್ಲ ಮುಗಿಸಿ ಅವರು ಹೇಳಿದರು: "ಈಗ ಕಾಲ ಬದಲಾಗಿದೆ. ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಆದ್ದರಿಂದ ಇವರ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವ ಅಗತ್ಯವೇ ಇಲ್ಲ ಎಂದು ನಾನು..."

ಸ್ಕ್ರೀನು ಕಪ್ಪಾಯಿತು. ಭಾಷಣದ ಭರದಲ್ಲಿ ಐದು ನಿಮಿಷ ಯಾರೂ ಮೌಸ್ ಮುಟ್ಟಿರಲಿಲ್ಲ.

ಎಲ್ಲರೂ ಅಟೆಂಡರಣ್ಣನ ಕಡೆ ತಿರುಗಿದೆವು. ಅವರು ಬುಟ್ಟಿಯನ್ನು ನನ್ನ ಮಡಿಲಿಗೆ ಹಾಕಿ, ಜಾರುತ್ತಿದ್ದ ಪೇಟವನ್ನು ಎಡಗೈಯಲ್ಲಿ ಹಿಡಿದುಕೊಂಡು ಎದ್ದು ಹೋಗಿ, ಬಲಗೈಯಲ್ಲಿ ಮೌಸನ್ನು ಮೆಲ್ಲಗೆ ಅಲ್ಲಾಡಿಸಿದರು. ಬೆಳಕು ಬಂತು, ಹಿಂದೆಯೇ ಲೈನೂ ಬಂತು. ಅಧ್ಯಕ್ಷರು ಗಾಬರಿಯಾಗಿ, "ಹಲೋ, ಹಲೋ, ಎಲ್ಲಿ ಹೋದ್ರಿ ನೀವೆಲ್ಲ?" ಎನ್ನುತ್ತಿದ್ದರು.

ಅಟೆಂಡರಣ್ಣ ಸ್ಕ್ರೀನಿಗೆ ಕೈ ಮುಗಿದರು.

"ನಾವು ಇಲ್ಲೇ ಇದೀವಿ ಸ್ವಾಮಿ. ನೀವೇ ಮಲಗಿಬಿಟ್ಟಿದ್ರಿ, ಎಬ್ಬಿಸ್ದೆ. ಹೇಳಿ, ಎಂತೋ ಅಗತ್ಯ ಇಲ್ಲ ಅಂತಿದ್ರಲ್ಲ?"